ಕಂಪೈಲ್ ಆಯಿತು, ಲೆಕ್ಕ ತಪ್ಪಿತು: ಗೋ ಭಾಷೆಯಲ್ಲಿ ಯುನಿಟ್ ಟೆಸ್ಟ್ ಎಲ್ಲಿಂದ ಶುರು ಮಾಡಲಿ?

ಮಂಡಿಪೇಟೆ_ಜೋಳ · ಶನಿವಾರ, ರಾತ್ರಿ 9.40

ದಾವಣಗೆರೆಯ ಎಪಿಎಂಸಿ ಪ್ರಾಂಗಣದಲ್ಲಿ ನಮ್ಮ ಚಿಕ್ಕಪ್ಪನ ಮೆಕ್ಕೆಜೋಳದ ಅಂಗಡಿ ಇದೆ. ಎರಡು ವರ್ಷ ಪೈಥಾನ್‌ನಲ್ಲಿ ಕೈ ಆಡಿಸಿದ ನಾನು, ಈ ಸಲ ಗೋ ಕಲಿಯೋಣವೆಂದು ತೂಕ, ದರ, ತೇವಾಂಶದ ಕಡಿತ ನೋಡಿ ಮೊತ್ತ ಹೇಳುವ ಬಿಲ್ಲಿನ ಪ್ರೋಗ್ರಾಂ ಒಂದನ್ನು ಅಂಗಡಿಗೆ ಬರೆದೆ. ಪೈಥಾನ್‌ನಲ್ಲಿ ಓಡಿಸಿದ ಮೇಲೆ ಗೊತ್ತಾಗುತ್ತಿದ್ದ ಎಷ್ಟೋ ತಪ್ಪುಗಳನ್ನು ಗೋ ಕಂಪೈಲರ್ (ಕೋಡನ್ನು ಯಂತ್ರದ ಭಾಷೆಗೆ ತಿರುಗಿಸುವ ತಂತ್ರಾಂಶ) ಮೊದಲೇ ಹಿಡಿದು ಗದರುತ್ತಿತ್ತು. ಫಂಕ್ಷನ್ನಿನೊಳಗೆ ಬಳಸದ ವೇರಿಯಬಲ್ ಒಂದು ಉಳಿದಿದ್ದರೂ ಮುಂದಕ್ಕೆ ಬಿಡುವುದಿಲ್ಲ. ಇಷ್ಟು ಕಟ್ಟುನಿಟ್ಟಿನವನೇ ಒಪ್ಪಿದ ಮೇಲೆ ಇನ್ನೇನು ಎಂದುಕೊಂಡು, ಕಂಪೈಲ್ ಆದ ದಿನವೇ ಅಂಗಡಿಯ ಕಂಪ್ಯೂಟರಿಗೆ ಹಾಕಿಬಿಟ್ಟೆ.

ಮೂರನೆಯ ದಿನ ಗುಮಾಸ್ತರು ಒಂದು ತೂಕದ ಚೀಟಿ ಹಿಡಿದು ಬಂದರು. ತೂಕ 2345 ಕೆಜಿ, ದರ ಕ್ವಿಂಟಲ್‌ಗೆ 2150 ರೂಪಾಯಿ. ಪ್ರೋಗ್ರಾಂ ಕೊಟ್ಟದ್ದು 49,450. ಅವರು ಚೀಟಿಯ ಹಿಂಬದಿಯಲ್ಲಿ ಪೆನ್ಸಿಲ್ಲಿನಿಂದ ಹಾಕಿದ್ದು 50,417 ರೂಪಾಯಿ 50 ಪೈಸೆ. ‘ನಿನ್ನ ಯಂತ್ರ 45 ಕೆಜಿ ಜೋಳ ತಿಂದಿದೆ’ ಎಂದರು. ಚಿಕ್ಕಪ್ಪನ ಮುಖ ನೋಡುವ ಧೈರ್ಯ ನನಗಾಗಲಿಲ್ಲ.

ತಪ್ಪು ಸಿಕ್ಕಿದೆ. ತೂಕವನ್ನು ಮೊದಲು 100ರಿಂದ ಭಾಗಿಸಿ, ಬಂದದ್ದನ್ನು ದರದಿಂದ ಗುಣಿಸಿದ್ದೆ. ಪೈಥಾನ್‌ನಲ್ಲಾದರೆ 23.45 ಬರುತ್ತಿತ್ತು. ಗೋದಲ್ಲಿ ಪೂರ್ಣಾಂಕವನ್ನು ಪೂರ್ಣಾಂಕದಿಂದ ಭಾಗಿಸಿದರೆ ಉಳಿಯುವುದು ಬರೀ 23. ಆದರೆ ಸರಿಪಡಿಸುವ ಮೊದಲು ಇದನ್ನೇ ನೆಪ ಮಾಡಿಕೊಂಡು ಯುನಿಟ್ ಟೆಸ್ಟ್ (ಪ್ರೋಗ್ರಾಮಿನ ಒಂದೊಂದು ತುಣುಕನ್ನೂ ಬೇರೆಯಾಗಿ ಪರೀಕ್ಷಿಸುವ ಕೋಡ್) ಕಲಿಯಬೇಕೆಂದಿದ್ದೇನೆ. ಓದಿದ ಪಾಠಗಳಲ್ಲೆಲ್ಲ ಎರಡು ಸಂಖ್ಯೆ ಕೂಡಿಸುವ ಫಂಕ್ಷನ್ನನ್ನೇ ಪರೀಕ್ಷಿಸುತ್ತಾರೆ. ಪ್ರೋಗ್ರಾಂ ಶುರುವಾಗುವ ನನ್ನ 180 ಸಾಲಿನ ಮೇನ್ ಫಂಕ್ಷನ್ನನ್ನು ಹೇಗೆ ಪರೀಕ್ಷಿಸುವುದೆಂದು ಯಾರೂ ಹೇಳುವುದಿಲ್ಲ.

ಬೆಣ್ಣೆದೋಸೆ_ಬೈನರಿ · ಶನಿವಾರ, ರಾತ್ರಿ 10.15

ಯಾರೂ ಹೇಳದಿರುವುದಕ್ಕೆ ಕಾರಣವಿದೆ: 180 ಸಾಲಿನ ಮೇನ್ ಫಂಕ್ಷನ್ನನ್ನು ಯುನಿಟ್ ಟೆಸ್ಟ್ ಮಾಡಲು ಬರುವುದಿಲ್ಲ. ಅದನ್ನು ಮೊದಲು ಬಿಡಿಸಬೇಕು. ಕೀಲಿಮಣೆಯಿಂದ ತೂಕ ಓದುವುದು, ಲೆಕ್ಕ ಹಾಕುವುದು, ಪ್ರಿಂಟರಿಗೆ ಕಳಿಸುವುದು ಮೂರನ್ನೂ ನೀವು ಒಂದೇ ತಟ್ಟೆಯಲ್ಲಿ ಕಲಸಿಟ್ಟಿದ್ದೀರಿ ಎಂದು ನೋಡದೆಯೇ ಹೇಳಬಲ್ಲೆ. ನಾನೂ ಹಾಗೆಯೇ ಬರೆಯುತ್ತಿದ್ದೆ.

ಲೆಕ್ಕವನ್ನು ಮಾತ್ರ ಹೊರತೆಗೆದು ಬೇರೆ ಫಂಕ್ಷನ್ ಮಾಡಿ. ಅದರ ಒಳಗೆ ತೂಕ, ದರ, ತೇವಾಂಶ ಹೋಗಲಿ. ಹೊರಗೆ ಮೊತ್ತ ಬರಲಿ. ಅದು ಏನನ್ನೂ ಓದಬಾರದು, ಏನನ್ನೂ ಮುದ್ರಿಸಬಾರದು, ಗಡಿಯಾರವನ್ನೂ ನೋಡಬಾರದು. ದಿನಾಂಕ ಬೇಕಿದ್ದರೆ ಅದನ್ನೂ ಹೊರಗಿನಿಂದಲೇ ಕೊಡಿ. ಅಂಥ ಫಂಕ್ಷನ್ ಗುಮಾಸ್ತರ ಚೀಟಿಯ ಹಿಂಬದಿ ಇದ್ದ ಹಾಗೆ. ಅದೇ ಸಂಖ್ಯೆ ಕೊಟ್ಟರೆ ಯಾವ ದಿನವಾದರೂ ಅದೇ ಉತ್ತರ.

ಆಮೇಲೆ ಪಕ್ಕದಲ್ಲೇ ಇನ್ನೊಂದು ಕಡತ. ನಿಮ್ಮ ಕಡತ ‘ಬಿಲ್.ಗೋ’ ಆದರೆ ಇದು ‘ಬಿಲ್_ಟೆಸ್ಟ್.ಗೋ’. ಇಲ್ಲಿ ಕನ್ನಡದಲ್ಲಿ ಬರೆದಿದ್ದೇನೆ, ನೀವು ಇಂಗ್ಲಿಷ್ ಅಕ್ಷರಗಳಲ್ಲಿ ಇಡಿ. ಹೆಸರಿನ ಈ ಬಾಲವಿದ್ದರೆ ಮಾತ್ರ ಗೋ ಅದನ್ನು ಪರೀಕ್ಷೆಯ ಕಡತವೆಂದು ಗುರುತಿಸುತ್ತದೆ, ಅಂಗಡಿಗೆ ಹೋಗುವ ಬೈನರಿಯಲ್ಲಿ (ಕಂಪೈಲ್ ಆದ ಕಡತದಲ್ಲಿ) ಸೇರಿಸುವುದಿಲ್ಲ. ಹೊರಗಿನ ಲೈಬ್ರರಿ ಯಾವುದೂ ಬೇಡ. ‘ಟೆಸ್ಟಿಂಗ್’ ಪ್ಯಾಕೇಜು ಭಾಷೆಯ ಜೊತೆಗೇ ಬರುತ್ತದೆ. ಮೊದಲ ಟೆಸ್ಟಿಗೆ ಗುಮಾಸ್ತರ ಆ ಚೀಟಿಯನ್ನೇ ಬಳಸಿ. 2345, 2150, ನಿರೀಕ್ಷಿತ ಉತ್ತರ 50,417.50. ಬಂದದ್ದು ಬೇರೆಯಾಗಿದ್ದರೆ ‘ಎರರ್‌ಎಫ್’ ಕರೆದು ಎರಡೂ ಸಂಖ್ಯೆಗಳನ್ನು ತೋರಿಸಿ. ಟರ್ಮಿನಲ್‌ನಲ್ಲಿ ‘ಗೋ ಟೆಸ್ಟ್’. ಅಷ್ಟೇ.

ಒಂದು ಮುಖ್ಯ ಮಾತು. ನಿರೀಕ್ಷಿತ ಉತ್ತರವನ್ನು ಪ್ರೋಗ್ರಾಮಿನಿಂದಲೇ ನಕಲು ಮಾಡಿ ಅಂಟಿಸಬೇಡಿ. ಕೈಯಲ್ಲಿ ಹಾಕಿದ ಲೆಕ್ಕವೇ ಇರಲಿ.

ತುಂಗಭದ್ರೆಯ_ದಡ · ಶನಿವಾರ, ರಾತ್ರಿ 10.50

ಹರಿಹರದಿಂದ. ಇನ್ನೊಂದು: ಹಣವನ್ನು ದಶಮಾಂಶದ ಫ್ಲೋಟ್‌ನಲ್ಲಿ ಇಡಬೇಡಿ. ಎಲ್ಲವನ್ನೂ ಪೈಸೆಗೆ ತಂದು ಪೂರ್ಣಾಂಕದಲ್ಲಿ ಇಡಿ. 2150 ರೂಪಾಯಿ ಎಂದರೆ 2,15,000 ಪೈಸೆ. ಮೊದಲು ಗುಣಾಕಾರ, ಕೊನೆಗೆ ಭಾಗಾಕಾರ. ಫ್ಲೋಟ್‌ನಲ್ಲಿ 0.1ಕ್ಕೆ 0.2 ಕೂಡಿಸಿದರೆ ಸರಿಯಾಗಿ 0.3 ಬರುವುದಿಲ್ಲ.

ಮಂಡಿಪೇಟೆ_ಜೋಳ · ಶನಿವಾರ, ರಾತ್ರಿ 11.30

ಗೋದಲ್ಲಿ ಈಗಷ್ಟೇ ನೋಡಿದೆ, 0.1 + 0.2 ಮತ್ತು 0.3 ಸಮ ಎಂದೇ ಹೇಳುತ್ತಿದೆ!

ತುಂಗಭದ್ರೆಯ_ದಡ · ಶನಿವಾರ, ರಾತ್ರಿ 11.36

ಸಂಖ್ಯೆಗಳನ್ನು ನೇರವಾಗಿ ಬರೆದಿರುತ್ತೀರಿ. ಹಾಗೆ ಬರೆದರೆ ಅವು ಸ್ಥಿರಾಂಕಗಳು. ಕಂಪೈಲರ್ ಅವನ್ನು ತಾನೇ ಕರಾರುವಾಕ್ಕಾಗಿ ಲೆಕ್ಕ ಹಾಕಿಡುತ್ತದೆ. ಎರಡು ವೇರಿಯಬಲ್‌ಗಳಲ್ಲಿಟ್ಟು ಕೂಡಿಸಿ ನೋಡಿ, ಬಣ್ಣ ಬಯಲಾಗುತ್ತದೆ. ಅಂಗಡಿಯಲ್ಲಿ ಬರುವ ತೂಕ, ದರ ಎಲ್ಲವೂ ವೇರಿಯಬಲ್‌ಗಳೇ ತಾನೆ.

ಕಲ್ಲಿನಕೋಟೆ_ಸಿ · ಭಾನುವಾರ, ಬೆಳಿಗ್ಗೆ 7.05

ಚಿತ್ರದುರ್ಗದಿಂದ ಒಂದು ಅಪಸ್ವರ. ಹನ್ನೆರಡು ವರ್ಷದಿಂದ ಬೋರ್‌ವೆಲ್ ಪಂಪುಗಳ ನಿಯಂತ್ರಣ ಪೆಟ್ಟಿಗೆಗೆ ಸಿ ಭಾಷೆಯಲ್ಲಿ ಬರೆಯುತ್ತಿದ್ದೇನೆ. ಒಂದು ಯುನಿಟ್ ಟೆಸ್ಟೂ ಬರೆದಿಲ್ಲ. ಪೆಟ್ಟಿಗೆಯನ್ನು ಪಂಪಿಗೆ ಜೋಡಿಸುತ್ತೇನೆ, ಓಡುತ್ತದೆಯೋ ಇಲ್ಲವೋ ಕಣ್ಣಾರೆ ನೋಡುತ್ತೇನೆ. ಈ ಹುಡುಗ ಒಂದು ಭಾಗಾಕಾರ ತಪ್ಪಿದ್ದಕ್ಕೆ ನೀವೆಲ್ಲ ಸೇರಿ ಅವನಿಗೆ ಎರಡರಷ್ಟು ಕೋಡ್ ಬರೆಸಲು ಹೊರಟಿದ್ದೀರಿ. ಎಚ್ಚರದಿಂದ ಬರೆದಿದ್ದರೆ ಸಾಕಿತ್ತು.

ಬೆಣ್ಣೆದೋಸೆ_ಬೈನರಿ · ಭಾನುವಾರ, ಬೆಳಿಗ್ಗೆ 8.20

ಎಚ್ಚರ ಎಂಬುದು ರಾತ್ರಿ ಹನ್ನೊಂದರ ಮೇಲೆ ಎಲ್ಲಿ ಹೋಗುತ್ತದೆ ಎಂಬುದು ನಿಮಗೂ ಗೊತ್ತು, ನನಗೂ ಗೊತ್ತು.

ನಿಮ್ಮ ಪೆಟ್ಟಿಗೆಯ ಬಗ್ಗೆಯೇ ಕೇಳುತ್ತೇನೆ. ಬಾವಿ ಬತ್ತಿದಾಗ ಮೋಟಾರ್ ಸುಡದಂತೆ ನಿಲ್ಲಿಸುತ್ತದೆಯಲ್ಲ, ಆ ನಿರ್ಧಾರವನ್ನು ಹೇಗೆ ನೋಡುತ್ತೀರಿ? ಕರೆಂಟ್ ಇಳಿದು ಇಷ್ಟು ಸೆಕೆಂಡ್ ಹಾಗೇ ಉಳಿದರೆ ನಿಲ್ಲಿಸು ಎಂಬ ಲೆಕ್ಕ ತಾನೆ? ಅದಕ್ಕೆ ಪಂಪ್ ಏಕೆ ಬೇಕು? ಅಳತೆಯ ಸಂಖ್ಯೆ ಮತ್ತು ಸಮಯ ಎರಡನ್ನೂ ಒಳಗೆ ಕೊಡುವ ಫಂಕ್ಷನ್ ಮಾಡಿದರೆ, ಅದೇ ಸಿ ಕಡತವನ್ನು ಲ್ಯಾಪ್‌ಟಾಪ್‌ನಲ್ಲಿ ಕಂಪೈಲ್ ಮಾಡಿ ಪರೀಕ್ಷಿಸಬಹುದು. ಟೆಸ್ಟಿನ ಚೌಕಟ್ಟು (ಸಿದ್ಧ ಲೈಬ್ರರಿ) ಬೇಡವಾದರೆ, ಷರತ್ತು ಸುಳ್ಳಾದ ಕೂಡಲೇ ಪ್ರೋಗ್ರಾಂ ನಿಲ್ಲಿಸುವ ‘ಅಸರ್ಟ್’ ಸಾಕು. ‘ಎನ್‌ಡೀಬಗ್’ ಎಂದು ಡಿಫೈನ್ ಮಾಡಿ ಕಂಪೈಲ್ ಮಾಡಿದರೆ ಅಸರ್ಟ್‌ಗಳೆಲ್ಲ ಮಾಯವಾಗುತ್ತವೆ ಎಂಬುದಷ್ಟೇ ನೆನಪಿರಲಿ. ಪರೀಕ್ಷೆಯ ಬಿಲ್ಡ್‌ನಲ್ಲಿ ಅದು ಇರಬಾರದು.

ನಿಮ್ಮ ಮಿಲಿಸೆಕೆಂಡ್ ಎಣಿಕೆ 32 ಬಿಟ್‌ನದ್ದೇ? ಹಾಗಿದ್ದರೆ ಅದು 49 ದಿನ ಚಿಲ್ಲರೆಗೆ ತುಂಬಿ ಮತ್ತೆ ಸೊನ್ನೆಗೆ ಬರುತ್ತದೆ. ಪಂಪಿನ ಮುಂದೆ ಅಷ್ಟು ದಿನ ಎಂದಾದರೂ ಕೂತಿದ್ದೀರಾ?

ಮಾರಿಕಣಿವೆ_ಕೋಡಿ · ಭಾನುವಾರ, ಬೆಳಿಗ್ಗೆ 9.10

ಹಿರಿಯೂರಿನವಳು ನಾನು. ಈ ಮಾತಿಗೆ ನಮ್ಮೂರಿನ ಅಣೆಕಟ್ಟೆಗಿಂತ ಒಳ್ಳೆಯ ಉದಾಹರಣೆ ಸಿಗಲಾರದು. ವಾಣಿವಿಲಾಸ ಸಾಗರದ ಪೂರ್ಣ ಮಟ್ಟ 130 ಅಡಿ. 1933ರಲ್ಲಿ ತುಂಬಿ ಕೋಡಿ ಬಿದ್ದದ್ದು ಬಿಟ್ಟರೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ನಡುವೆ 89 ವರ್ಷ. ನೀರಿನ ಮಟ್ಟ ನೋಡಿ ಎಚ್ಚರಿಕೆ ಕೊಡುವ ಪ್ರೋಗ್ರಾಂ ಒಂದನ್ನು ಯಾರೋ ಬರೆದಿದ್ದರು, ಅದರಲ್ಲಿ ‘130 ಅಥವಾ ಹೆಚ್ಚು’ ಎನ್ನುವ ಜಾಗದಲ್ಲಿ ‘130ಕ್ಕಿಂತ ಹೆಚ್ಚು’ ಎಂದಿತ್ತು ಎಂದಿಟ್ಟುಕೊಳ್ಳಿ. ನೀರೇ ಬಂದು ಪರೀಕ್ಷಿಸಲಿ ಎಂದು ಕಾದಿದ್ದರೆ ಆ ತಪ್ಪು ಬರೆದವನ ಮೊಮ್ಮಗನ ಕಾಲಕ್ಕೆ ಸಿಗುತ್ತಿತ್ತು. ಟೆಸ್ಟಿನಲ್ಲಿ ಮಳೆ ಬರಬೇಕಾಗಿಲ್ಲ. 129, 130, 131 ಎಂದು ಬೆರಳಿನಿಂದ ಒತ್ತಿದರೆ ಆಯಿತು.

ಮೂಲ ಪ್ರಶ್ನೆ ಕೇಳಿದವರಿಗೆ: ನಿಮ್ಮ ತೇವಾಂಶದ ಕಡಿತದಲ್ಲಿಯೂ ಇಂಥ ಒಂದು ಅಂಚು ಇರಲೇಬೇಕು. ಆ ಸಂಖ್ಯೆ ಯಾವುದು? ಅದರ ಒಂದು ಕೆಳಗೆ, ಅದೇ, ಒಂದು ಮೇಲೆ. ಈ ಮೂರು ಸಾಲು ಬರೆಯದೆ ಮಲಗಬೇಡಿ.

ಮಂಡಿಪೇಟೆ_ಜೋಳ · ಭಾನುವಾರ, ಮಧ್ಯಾಹ್ನ 12.45

ಲೆಕ್ಕವನ್ನು ಹೊರತೆಗೆದೆ. ಪೈಸೆಗೂ ತಂದೆ. ಟೆಸ್ಟ್ ಬರೆದು ಓಡಿಸಿದರೆ ಒಂದೇ ಏಟಿಗೆ ‘ಓಕೆ’ ಬಂತು. ನನ್ನ ಸಂಕಟವೇನೆಂದರೆ, ಹಳೆಯ ತಪ್ಪನ್ನು ನಾನು ಇನ್ನೂ ಸರಿಪಡಿಸಿಯೇ ಇಲ್ಲ! 23 ಕ್ವಿಂಟಲ್ಲಿನ ಲೆಕ್ಕ ಹಾಗೆಯೇ ಕೂತಿದೆ. ಟೆಸ್ಟೂ ಸುಳ್ಳು ಹೇಳುತ್ತದೆಯೇ?

ಬೆಣ್ಣೆದೋಸೆ_ಬೈನರಿ · ಭಾನುವಾರ, ಮಧ್ಯಾಹ್ನ 12.58

ಆ ‘ಓಕೆ’ ಇರುವ ಸಾಲನ್ನು ಕೊನೆಯವರೆಗೆ ಓದಿ. ಓಡಿಸಲು ಯಾವ ಟೆಸ್ಟೂ ಇಲ್ಲ ಎಂದು ಚೌಕ ಕಂಸದಲ್ಲಿ ಬರೆದಿದೆಯೇ? ಇದ್ದರೆ ನಿಮ್ಮ ಫಂಕ್ಷನ್ನಿನ ಹೆಸರು ಸಣ್ಣ ‘ಟಿ’ಯಿಂದ ಶುರುವಾಗಿದೆ. ದೊಡ್ಡ ‘ಟಿ’ ಇರುವ ‘ಟೆಸ್ಟ್’ ಎಂಬ ಪದ ಮೊದಲು, ಅದರ ಮುಂದಿನ ಅಕ್ಷರವೂ ಸಣ್ಣದಾಗಿರಬಾರದು. ಸಣ್ಣ ‘ಟಿ’ಯಿಂದ ಶುರುವಾದರೆ ಗೋ ಅದನ್ನು ಕರೆಯುವುದೇ ಇಲ್ಲ, ಆದರೂ ‘ಓಕೆ’ ಎನ್ನುತ್ತದೆ. ಹಾಜರಿ ಕೂಗುವಾಗ ಹೆಸರನ್ನೇ ಕೂಗದೆ ಎಲ್ಲರೂ ಬಂದಿದ್ದಾರೆ ಎಂದು ಬರೆದುಕೊಂಡ ಹಾಗೆ.

ಅದಕ್ಕೇ ನನ್ನದೊಂದು ಹಟ: ಸೋತದ್ದನ್ನು ನೋಡದೆ ಯಾವ ಟೆಸ್ಟನ್ನೂ ನಂಬುವುದಿಲ್ಲ. ಕೋಡನ್ನು ಬೇಕೆಂದೇ ಕೆಡಿಸಿ, ಟೆಸ್ಟ್ ಕೂಗಾಡಿದ ಮೇಲೆ ಸರಿ ಮಾಡುತ್ತೇನೆ. ನಿಮ್ಮ ಅದೃಷ್ಟ, ಕೆಡಿಸುವ ಕೆಲಸ ಆಗಲೇ ಆಗಿದೆ.

ಮಂಡಿಪೇಟೆ_ಜೋಳ · ಭಾನುವಾರ, ಮಧ್ಯಾಹ್ನ 1.10

ಸಣ್ಣ ‘ಟಿ’ಯೇ. ದೊಡ್ಡದು ಮಾಡಿದೆ. ಈಗ ಸೋಲುತ್ತಿದೆ: ಬಂದದ್ದು 4945000, ಬೇಕಾದದ್ದು 5041750. ಗುಣಾಕಾರವನ್ನು ಮುಂದೆ ತಂದೆ. ಗೆದ್ದಿತು. ಊಟಕ್ಕೆ ಹೋಗುತ್ತೇನೆ.

ಚಂದ್ರವಳ್ಳಿ_ತೋಟ · ಭಾನುವಾರ, ಮಧ್ಯಾಹ್ನ 3.30

ವಿಷಯದಿಂದ ಸ್ವಲ್ಪ ಪಕ್ಕಕ್ಕೆ. ಫಂಕ್ಷನ್ ಹೆಸರುಗಳನ್ನು ಕನ್ನಡದಲ್ಲೇ ಇಡಬಹುದೇ ಎಂದು ಗೋದಲ್ಲಿ ಪ್ರಯತ್ನಿಸಿದೆ. ‘ದರ’ ಒಪ್ಪಿತು, ‘ಹಣ’ ಒಪ್ಪಿತು. ‘ತೂಕ’ ಎಂದರೆ ಆಗುವುದಿಲ್ಲ ಎಂದಿತು! ತಲೆ ಕೆಡಿಸಿಕೊಂಡು ಹುಡುಕಿದಾಗ ತಿಳಿಯಿತು, ಗೋದ ಹೆಸರುಗಳಲ್ಲಿ ಯೂನಿಕೋಡ್‌ನ ಅಕ್ಷರಗಳು, ಅಂಕೆಗಳು ಮತ್ತು ಅಡಿಗೆರೆ ಮಾತ್ರ ಇರಬಹುದು. ನಮ್ಮ ಕೊಂಬು, ದೀರ್ಘ, ಅನುಸ್ವಾರ, ಒತ್ತಕ್ಷರ ಕೊಡುವ ಹಲಂತ ಚಿಹ್ನೆ, ಇವೆಲ್ಲ ಅದರ ಎಣಿಕೆಯಲ್ಲಿ ಅಕ್ಷರಗಳಲ್ಲ, ಅಂಟಿಕೊಳ್ಳುವ ಗುರುತುಗಳು. ಗುಣಿತಾಕ್ಷರವಿಲ್ಲದೆ ಕನ್ನಡದಲ್ಲಿ ಎಷ್ಟು ಪದ ಬರೆಯಬಹುದು? ಮರ, ದನ, ಜನ, ಕರ. ಜೊತೆಗೆ ದೊಡ್ಡ ಅಕ್ಷರದಿಂದ ಶುರುವಾದ ಹೆಸರು ಮಾತ್ರ ಪ್ಯಾಕೇಜಿನ ಹೊರಗೆ ಕಾಣುತ್ತದೆ. ಕನ್ನಡದಲ್ಲಿ ದೊಡ್ಡದು ಚಿಕ್ಕದು ಎಲ್ಲಿದೆ? ಹಾಗಾಗಿ ‘ದರ’ ಒಳಗೇ ಉಳಿಯುತ್ತದೆ. ಟೆಸ್ಟ್ ಕಡತವೂ ಅದೇ ಪ್ಯಾಕೇಜಿನದ್ದಾದರೆ ಅದಕ್ಕೆ ಕಾಣುತ್ತದೆ ಎನ್ನುವುದಷ್ಟೇ ಸಮಾಧಾನ.

ಆದರೆ ಒಳಟೆಸ್ಟುಗಳ (ಒಂದು ಟೆಸ್ಟಿನೊಳಗೆ ಹೆಸರಿಟ್ಟು ಓಡಿಸುವ ಸಣ್ಣ ಟೆಸ್ಟುಗಳ) ಹೆಸರು ಬರೀ ಪಠ್ಯ. ಅಲ್ಲಿ ‘ತೇವಾಂಶ ಹದಿನಾರು’ ಎಂದು ಧಾರಾಳವಾಗಿ ಬರೆಯಿರಿ. ಪದಗಳ ನಡುವಿನ ಜಾಗದಲ್ಲಿ ಅಡಿಗೆರೆ ಬರುತ್ತದೆ, ಅಷ್ಟೇ. ‘ಕ್ವಿಂಟಲ್‌ಗೆ’ ಎಂಬಂಥ ಪದ ಹಾಕಿದರೆ ಮಾತ್ರ ನಡುವೆ ವಿಚಿತ್ರ ಸಂಕೇತವೊಂದು ಮುದ್ರಣವಾಗುತ್ತದೆ. ‘ಲ್’ ಮುಂದಿನ ಅಕ್ಷರಕ್ಕೆ ಒತ್ತಾಗದಂತೆ ತಡೆಯಲು ನಾವು ಹಾಕುವ ಕಣ್ಣಿಗೆ ಕಾಣದ ಚಿಹ್ನೆ ಅದು.

ರಾಗಿಮುದ್ದೆ_ರಸ್ಟ್ · ಭಾನುವಾರ, ಸಂಜೆ 4.15

ರಸ್ಟ್ ಭಾಷೆಗೆ ಬನ್ನಿ, 2021ರ 1.53ನೇ ಆವೃತ್ತಿಯಿಂದ ‘ತೂಕ’ವೂ ನಡೆಯುತ್ತದೆ. ಟೆಸ್ಟ್‌ಗೆ ಬೇರೆ ಕಡತವೂ ಬೇಡ. ಅದೇ ಕಡತದ ಕೆಳಗೆ ಒಂದು ಮಾಡ್ಯೂಲ್ ಮಾಡಿ, ಫಂಕ್ಷನ್ನಿನ ತಲೆಯ ಮೇಲೆ ಟೆಸ್ಟ್ ಎಂಬ ಗುರುತು ಹಾಕಿ, ‘ಕಾರ್ಗೋ ಟೆಸ್ಟ್’ ಎಂದರೆ ಮುಗಿಯಿತು. ಪೂರ್ಣಾಂಕ ತನ್ನ ಮಿತಿ ಮೀರಿ ಉಕ್ಕಿ ಹರಿದರೆ ಅಲ್ಲೇ ನಿಂತು ಹೇಳುತ್ತದೆ. (ರಿಲೀಸ್ ಬಿಲ್ಡ್‌ನಲ್ಲಿ ಆ ತಪಾಸಣೆ ತಾನಾಗಿ ಇರುವುದಿಲ್ಲ, ಅದನ್ನೂ ಹೇಳಿಬಿಡುತ್ತೇನೆ.)

ಬೆಣ್ಣೆದೋಸೆ_ಬೈನರಿ · ಭಾನುವಾರ, ಸಂಜೆ 4.22

ರಸ್ಟ್‌ನಲ್ಲಿಯೂ 2345ನ್ನು 100ರಿಂದ ಭಾಗಿಸಿದರೆ 23ವೇ ಬರುತ್ತದೆ. ಹುಡುಗನನ್ನು ಎರಡು ದಿನ ಗೋದಲ್ಲೇ ಬಿಡಿ.

ಮಂಡಿಪೇಟೆ_ಜೋಳ · ಭಾನುವಾರ, ರಾತ್ರಿ 8.30

ಹಿರಿಯೂರಿನವರ ಮಾತಿನಂತೆ ಅಂಚು ಹುಡುಕಿದೆ. ನಮ್ಮ ಅಂಗಡಿಯ ರೂಢಿ ಹೀಗಿದೆ: ತೇವಾಂಶ ನೂರಕ್ಕೆ 14ರವರೆಗೆ ಕಡಿತವಿಲ್ಲ, ಅದಕ್ಕಿಂತ ಹೆಚ್ಚಾದ ಪ್ರತಿ ಒಂದಕ್ಕೆ ಕ್ವಿಂಟಲ್‌ಗೆ ಒಂದು ಕೆಜಿ ಕಡಿತ. 13, 14, 15 ಎಂದು ಮೂರು ಟೆಸ್ಟ್ ಬರೆದೆ. 14 ಸರಿ, 15 ಸರಿ. 13ಕ್ಕೆ ಮಾತ್ರ, ಅದೇ ಚೀಟಿಯ ತೂಕ, ದರ ಕೊಟ್ಟರೆ 50,912 ರೂಪಾಯಿ ಬಂತು! ಹದಿಮೂರರಲ್ಲಿ ಹದಿನಾಲ್ಕು ಕಳೆದರೆ ಋಣ ಒಂದು. ಕಡಿತವೇ ಋಣವಾಗಿ 23 ಕೆಜಿ ತೂಕ ಕೂಡಿಕೊಂಡಿತು. ಒಣಗಿದ ಜೋಳ ತಂದವರಿಗೆ ನಾವು 494 ರೂಪಾಯಿ 50 ಪೈಸೆ ಬಹುಮಾನ ಕೊಡಲಿದ್ದೆವು. ಮೊದಲ ತಪ್ಪು ರೈತರಿಗೆ ನಷ್ಟ, ಇದು ಚಿಕ್ಕಪ್ಪನಿಗೆ ನಷ್ಟ. ಈ ಸುಗ್ಗಿಯಲ್ಲಿ ಅಂಗಡಿಗೆ 14ಕ್ಕಿಂತ ಒಣಗಿದ ಮಾಲು ಬಂದೇ ಇರಲಿಲ್ಲವಾದ್ದರಿಂದ ಇದು ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಎರಡು ಸಣ್ಣ ಸಂದೇಹ. ಒಂದೇ ರೀತಿಯ ಮೂರು ಫಂಕ್ಷನ್ ಬರೆದದ್ದು ಹೇಸಿಗೆ ಎನಿಸುತ್ತಿದೆ. ಮತ್ತು ಎಲ್ಲ ಪ್ಯಾಕೇಜುಗಳನ್ನೂ ಒಟ್ಟಿಗೆ ಓಡಿಸಿದಾಗ ‘ಕ್ಯಾಶ್ಡ್’ ಎಂದು ಏಕೆ ಬರುತ್ತದೆ?

ತುಂಗಭದ್ರೆಯ_ದಡ · ಭಾನುವಾರ, ರಾತ್ರಿ 9.00

ಹೇಸಿಗೆ ಎನಿಸಬೇಕಾದದ್ದೇ. ಗೋದವರು ಅದಕ್ಕೆ ಪಟ್ಟಿ ಮಾಡುತ್ತಾರೆ. ಹೆಸರು, ತೂಕ, ದರ, ತೇವಾಂಶ, ಬೇಕಾದ ಉತ್ತರ ಇರುವ ಒಂದು ಸ್ಟ್ರಕ್ಟ್, ಅಂಥವುಗಳ ಸಾಲು, ಅದರ ಮೇಲೆ ಒಂದು ಲೂಪ್, ಒಳಗೆ ‘ರನ್’ ಕರೆದರೆ ಪ್ರತಿ ಸಾಲೂ ಸ್ವಂತ ಹೆಸರಿನ ಒಳಟೆಸ್ಟ್ ಆಗುತ್ತದೆ. ಗುಮಾಸ್ತರ ಖಾತೆ ಪುಸ್ತಕದ ಹಾಗೆಯೇ ಕಾಣುತ್ತದೆ, ಹೊಸ ಪ್ರಕರಣ ಬಂದರೆ ಹೊಸ ಸಾಲು. ‘ಎರರ್‌ಎಫ್’ ತಪ್ಪನ್ನು ಬರೆದುಕೊಂಡು ಮುಂದೆ ಹೋಗುತ್ತದೆ, ‘ಫೇಟಲ್‌ಎಫ್’ ಆ ಟೆಸ್ಟನ್ನು ಅಲ್ಲೇ ನಿಲ್ಲಿಸುತ್ತದೆ. ಮೊತ್ತ ಹೋಲಿಸುವಲ್ಲಿ ಮೊದಲನೆಯದು ಸಾಕು.

‘ಕ್ಯಾಶ್ಡ್’ ಎಂದರೆ ಏನೂ ಬದಲಾಗಿಲ್ಲವಾದ್ದರಿಂದ ಹಿಂದಿನ ಫಲಿತಾಂಶವನ್ನೇ ತೋರಿಸಿದೆ ಎಂದರ್ಥ. ನಿಜವಾಗಿ ಓಡಲೇಬೇಕೆಂದರೆ ‘ಕೌಂಟ್’ ಆಯ್ಕೆಗೆ 1 ಕೊಡಿ.

‘ಕವರ್’ ಆಯ್ಕೆ ಹಾಕಿದರೆ ಟೆಸ್ಟ್‌ಗಳು ಕೋಡಿನ ಎಷ್ಟು ಭಾಗವನ್ನು ಮುಟ್ಟಿದವು ಎಂದು ಶೇಕಡಾವಾರು ಹೇಳುತ್ತದೆ. 100 ಬಂತೆಂದು ಹಿಗ್ಗಬೇಡಿ. ನಿಮ್ಮ ಹಳೆಯ ಭಾಗಾಕಾರದ ಸಾಲನ್ನು 2300 ಕೆಜಿ ಕೊಟ್ಟು ಪರೀಕ್ಷಿಸಿದ್ದರೂ ಅದು ‘ಮುಟ್ಟಿದ’ ಸಾಲೇ. ಉತ್ತರವೂ ಸರಿ ಬರುತ್ತಿತ್ತು.

ಕಲ್ಲಿನಕೋಟೆ_ಸಿ · ಸೋಮವಾರ, ರಾತ್ರಿ 10.05

ನಿನ್ನೆಯ ಮಾತಿಗೆ ಒಂದು ತಿದ್ದುಪಡಿ. ಬತ್ತಿದ ಬಾವಿಯ ಫಂಕ್ಷನ್ನನ್ನು ಬೇರೆ ಮಾಡಿ ಲ್ಯಾಪ್‌ಟಾಪ್‌ನಲ್ಲಿ ಓಡಿಸಿದೆ. ಗಡಿಯಾರವನ್ನು 32 ಬಿಟ್‌ನ ತುತ್ತತುದಿಗಿಂತ ಹತ್ತು ಮಿಲಿಸೆಕೆಂಡ್ ಹಿಂದೆ ಇಟ್ಟು ಶುರು ಮಾಡಿದೆ. ಕರೆಂಟ್ ಇಳಿದ ಆ ಕ್ಷಣದಲ್ಲೇ ಮೋಟಾರ್ ನಿಲ್ಲಿಸು ಎಂದುಬಿಟ್ಟಿತು, ಕಾಯಲೇ ಇಲ್ಲ. ಆರಂಭಕ್ಕೆ ಗಡುವನ್ನು ಕೂಡಿಸಿದಾಗ ಮೊತ್ತ ಉಕ್ಕಿ ಸಣ್ಣ ಸಂಖ್ಯೆಯಾಗಿ, ‘ಈಗ’ ಅದಕ್ಕಿಂತ ದೊಡ್ಡದಾಗಿತ್ತು. ‘ಈಗ’ದಲ್ಲಿ ‘ಆರಂಭ’ ಕಳೆದು, ಉಳಿದದ್ದನ್ನು ಗಡುವಿನೊಂದಿಗೆ ಹೋಲಿಸಿದ ಮೇಲೆ ಸರಿಯಾಯಿತು. ಚಳ್ಳಕೆರೆ ಕಡೆಯ ಒಬ್ಬ ರೈತರು ‘ಎರಡು ತಿಂಗಳಿಗೊಮ್ಮೆ ಪಂಪ್ ಸುಮ್ಮನೆ ನಿಲ್ಲುತ್ತದೆ’ ಎಂದು ಫೋನ್ ಮಾಡುತ್ತಿದ್ದರು. ಪ್ರತಿ ಸಲವೂ ವೋಲ್ಟೇಜ್ ಸರಿಯಿಲ್ಲ ಎಂದು ಹೇಳಿ ಸಾಗಹಾಕಿದ್ದೆ.

ಇನ್ನೇನೂ ಕೇಳಬೇಡಿ.

ಮಂಡಿಪೇಟೆ_ಜೋಳ · ಮಂಗಳವಾರ, ರಾತ್ರಿ 9.15

ಪಟ್ಟಿ ಆಯಿತು, ಹನ್ನೊಂದು ಸಾಲು. ಗುಮಾಸ್ತರು ಹಳೆಯ ಚೀಟಿಗಳ ಒಂದು ಕಟ್ಟನ್ನೇ ಕೊಟ್ಟರು. ಹನ್ನೆರಡನೆಯ ಸಾಲಿನಲ್ಲಿ ಇವತ್ತು ಇಡೀ ಮಧ್ಯಾಹ್ನ ಕಳೆಯಿತು.

ಅದೇ 2345 ಕೆಜಿ, ಅದೇ ದರ, ತೇವಾಂಶ 16. ಕ್ವಿಂಟಲ್‌ಗೆ ಎರಡು ಕೆಜಿ ಎಂದರೆ ಕಡಿತ 46.9 ಕೆಜಿ. ‘ಬೇಕಾದ ಉತ್ತರ’ ಎಂಬ ಕಲಂ ತುಂಬಲು ಹೋದರೆ ಏನು ತುಂಬಬೇಕೆಂದೇ ತಿಳಿಯಲಿಲ್ಲ. ಚಿಕ್ಕಪ್ಪನನ್ನು ಕೇಳಿದೆ, ‘47 ಹಿಡಿ, ಇದರಲ್ಲಿ ಕೇಳುವುದೇನಿದೆ’ ಎಂದರು. ಪಕ್ಕದಲ್ಲೇ ಇದ್ದ ಗುಮಾಸ್ತರು ತಲೆ ಎತ್ತದೆ ‘46’ ಎಂದರು. 47 ಆದರೆ 49,407 ರೂಪಾಯಿ, 46 ಆದರೆ 49,428 ರೂಪಾಯಿ 50 ಪೈಸೆ. ಕೆಜಿಯ ಕೆಳಗಿನದ್ದನ್ನು ರೈತನ ಕಡೆಗೇ ಬಿಡುವುದು ಮೊದಲಿನಿಂದಲೂ ನಡೆದು ಬಂದದ್ದು ಎಂಬುದು ಅವರ ವಾದ. ಯಾರು ನಡೆಸಿದ್ದು ಎಂಬುದು ಚಿಕ್ಕಪ್ಪನ ಪ್ರಶ್ನೆ. ಇಪ್ಪತ್ತೆರಡು ವರ್ಷದಿಂದ ಪುಸ್ತಕ ಬರೆಯುತ್ತಿರುವವರು ಗುಮಾಸ್ತರೇ.

ಇಬ್ಬರೂ ನನ್ನ ಕಡೆ ತಿರುಗಿ ಪ್ರೋಗ್ರಾಂ ಏನು ಮಾಡುತ್ತಿದೆ ಎಂದು ಕೇಳಿದರು. ಪೂರ್ಣಾಂಕದ ಭಾಗಾಕಾರ ತಾನೆ, ಚಿಲ್ಲರೆಯನ್ನು ಉದುರಿಸಿ 46 ಹಿಡಿಯುತ್ತಿತ್ತು. ಯಾರನ್ನೂ ಕೇಳದೆ ಗುಮಾಸ್ತರ ಪಕ್ಷ ಸೇರಿತ್ತು. ಚಿಕ್ಕಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಹಾಗಾದರೆ ಹಾಗೇ ಇರಲಿ’ ಎಂದು ಮೂರು ಚಹಾ ಹೇಳಿದರು. ಸಾಲಿನ ಹೆಸರು ‘ಚಿಲ್ಲರೆ ರೈತರಿಗೆ’, ಬೇಕಾದ ಉತ್ತರ 4942850 ಪೈಸೆ. ಗೆದ್ದಿತು.

ಚಹಾ ಕುಡಿಯುತ್ತ ಗುಮಾಸ್ತರು ಇನ್ನೊಂದು ಕೇಳಿದರು: ತೇವಾಂಶದ ಮೀಟರ್ 16.4 ತೋರಿಸಿದರೆ ಎಷ್ಟು ಹಿಡಿಯುತ್ತೀಯ? ನನ್ನ ಪ್ರೋಗ್ರಾಮಿನಲ್ಲಿ ತೇವಾಂಶವೂ ಪೂರ್ಣಾಂಕವೇ. ಹದಿಮೂರನೆಯ ಸಾಲು ಖಾಲಿ ಇಟ್ಟು ಬಂದಿದ್ದೇನೆ.